ಜಂಪ್ ಕೊಟ್ಟರೆ ಹಿಡಿಯುತ್ತೆ, ಹಾಗಂತ ಬ್ಯಾಟರಿ ಹೋಗಿಲ್ಲ: ಚಳಿಗೆ ಮುನಿಸಿಕೊಂಡ ಕಾರಿನ ರಿಪೇರಿ ಡೈರಿ

ದಿನ 1, ಬೆಳಗ್ಗೆ 4 ಡಿಗ್ರಿ

ಕಾರು 11 ವರ್ಷ ಹಳೆಯದು. 1.2 ಲೀಟರ್ ಪೆಟ್ರೋಲ್ ಎಂಜಿನ್. ಸೆಕೆಗಾಲದಲ್ಲಿ ಕೀ ತಿರುಗಿಸಿದ್ದೇ ತಡ, ಹಿಡಿದುಕೊಳ್ಳುತ್ತಿತ್ತು. ಇವತ್ತು ಸೆಲ್ಫ್ ಹೊಡೆದರೆ "ಊಂ… ಊಂ… ಊಂ" ಅಂತ ಮೂರು ಸಲ ಮುಲುಗಿ ಸುಮ್ಮನಾಯಿತು. ಮತ್ತೆ ಹೊಡೆದೆ. ಅದೇ ರಾಗ, ಇನ್ನೂ ನಿಧಾನ. ಹೀಗೆ ನಾಲ್ಕೈದು ಸಲ.

ಶಬ್ದ ಕೇಳಿ ಪಕ್ಕದ ಮನೆಯವರು ಹೊರಗೆ ಬಂದರು. ಕಾರಿನ ವಿಷಯದಲ್ಲಿ ಅವರಿಗೆ ಅನುಮಾನ ಅನ್ನೋದೇ ಇಲ್ಲ. "ಬ್ಯಾಟ್ರಿ ಹೋಗಿದೆ ಸಾರ್. ನಾಲ್ಕು ವರ್ಷ ಆಯ್ತು ಅಂತೀರಿ, ಇನ್ನೆಷ್ಟು ದಿನ ಬರುತ್ತೆ?" ಅಂದರು. ತಮ್ಮ ಕಾರು ತಂದು ಪಕ್ಕಕ್ಕೆ ನಿಲ್ಲಿಸಿ ಜಂಪರ್ ಕೇಬಲ್ ಹಾಕಿದರು. ಕೆಂಪು ಕ್ಲಿಪ್ಪುಗಳು ಎರಡೂ ಬ್ಯಾಟರಿಗಳ ಪ್ಲಸ್‌ಗೆ. ಕಪ್ಪು ಕೇಬಲ್ಲಿನ ಒಂದು ತುದಿ ಅವರ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ನನ್ನ ಎಂಜಿನ್ ಎತ್ತಲು ಇರುವ ಕಬ್ಬಿಣದ ಕೊಂಡಿಗೆ. ಕೊನೆಯ ಕ್ಲಿಪ್ಪನ್ನು ಬ್ಯಾಟರಿಗೆ ಹಾಕದೆ ಎಂಜಿನ್‌ಗೆ ಹಾಕುವುದೇ ಸರಿಯಾದ ಕ್ರಮ. ಅದನ್ನು ಕಚ್ಚಿಸುವಾಗ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರಬಹುದು, ಎರಡೂ ಒಂದೇ ಕಡೆ ಇರಬಾರದು.

ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್.

"ನೋಡಿದ್ರಾ?" ಅಂದರು. ನೋಡಿದೆ. ಆದರೆ ನೋಡಬೇಕಾದ್ದನ್ನು ನೋಡಲಿಲ್ಲ. ಆ ಕಪ್ಪು ಕ್ಲಿಪ್ಪು ಎಲ್ಲಿ ಕಚ್ಚಿತ್ತು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ದಿನ 2

ಹೊಸ ಬ್ಯಾಟರಿ ಹಾಕಿಸಿದೆ. ಹಳೆಯದನ್ನು ಅಲ್ಲೇ ಕೊಟ್ಟು ಬರದೆ ಯಾಕೋ ಮನೆಗೆ ತಂದೆ. ಕಂಜೂಸ್‌ತನ ಅಂದುಕೊಳ್ಳಿ.

ಹೊಸ ಬ್ಯಾಟರಿಯ ಮೇಲೆ ಸಿಸಿಎ ಅಂತ ಒಂದು ಅಂಕಿ ಇರುತ್ತದೆ. ಮೈನಸ್ 18 ಡಿಗ್ರಿ ಚಳಿಯಲ್ಲಿ, ವೋಲ್ಟೇಜು 7.2ಕ್ಕಿಂತ ಕೆಳಗೆ ಬೀಳದಂತೆ, 30 ಸೆಕೆಂಡು ಕಾಲ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವ ಲೆಕ್ಕ ಅದು. ಚಳಿ ಬೀಳುವ ಕಡೆ ಇರುವವರು ನೋಡಬೇಕಾದ ಮೊದಲ ಅಂಕಿ ಇದೇ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗುತ್ತದೆ. 0 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಶಕ್ತಿ ಹೋಗಿರುತ್ತದೆ, ಮೈನಸ್ 18ರಲ್ಲಿ ಅರ್ಧದಷ್ಟು. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ, ಎಂಜಿನ್ ತಿರುಗಿಸಲು ಜಾಸ್ತಿ ಕರೆಂಟ್ ಬೇಕಾಗುತ್ತದೆ. ಕೊಡುವವನ ಕೈ ಬಿಗಿಯಾದಾಗಲೇ ಕೇಳುವವನ ಹೊಟ್ಟೆ ದೊಡ್ಡದಾಗುತ್ತದೆ.

ದಿನ 9, 2 ಡಿಗ್ರಿ

ಆರು ದಿನ ಆರಾಮಾಗಿತ್ತು. ಇವತ್ತು ಮತ್ತೆ "ಊಂ… ಊಂ".

ಈ ಸಲ ಕೂತು ಕಿವಿಗೊಟ್ಟೆ. ಸ್ಟಾರ್ಟ್ ಆಗದ ಕಾರು ಏನು ಶಬ್ದ ಮಾಡುತ್ತದೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತದೆ. "ಟಿಕ್‌ಟಿಕ್‌ಟಿಕ್" ಅಂತ ಒಂದೇ ಸಮನೆ ಬಡಿದುಕೊಂಡರೆ ವೋಲ್ಟೇಜು ತೀರಾ ಕಡಿಮೆ ಇದೆ, ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಹಿಡಿದು ಹಿಡಿದು ಬಿಡುತ್ತಿದೆ. ಒಂದೇ ಒಂದು ಸಲ "ಟಕ್" ಅಂದು ಸುಮ್ಮನಾದರೆ ಸೆಲ್ಫ್ ಮೋಟಾರಿನ ಮೇಲೆ ಕಣ್ಣಿಡಿ. ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ ಅದು ಪೆಟ್ರೋಲ್ ಅಥವಾ ಕಿಡಿಯ ಕಥೆ. ನನ್ನದು ನಿಧಾನವಾಗಿ ತಿರುಗುವ ಜಾತಿ. ಅಂದರೆ ಬ್ಯಾಟರಿ, ಕೇಬಲ್ಲು, ಸೆಲ್ಫ್ ಮೋಟಾರ್, ಈ ಮೂರರಲ್ಲಿ ಒಂದು.

ಒಂದು ವಿಚಿತ್ರ ಗಮನಿಸಿದೆ. ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದರೆ ಗೋಡೆಯ ಮೇಲಿನ ಬೆಳಕು ಅಷ್ಟೇನೂ ಮಂಕಾಗಲಿಲ್ಲ. ಬ್ಯಾಟರಿಯೇ ಸೋತಿದ್ದರೆ ದೀಪವೂ ಸೋಲಬೇಕಲ್ವಾ?

ಮಲ್ಟಿಮೀಟರ್ ತೆಗೆದೆ. ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅವಳಿಗೆ ಹೊಸದಾಗಿ ಲೈಸೆನ್ಸ್ ಬಂದಿದೆ, ಕೀ ಕೊಟ್ಟರೆ ಏನು ಬೇಕಾದರೂ ಮಾಡುತ್ತಾಳೆ. ಎಂಜಿನ್ ಹಿಡಿದುಕೊಂಡರೆ ಅಳತೆ ಕೆಡುತ್ತದೆ ಅಂತ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಟ್ಟೆ.

"ಅಪ್ಪಾ, ಹೊಡೀಲಾ?"

"ಹೊಡಿ. ಐದೇ ಸೆಕೆಂಡು, ಆಮೇಲೆ ಬಿಡು."

ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್. ಇದು ತುಂಬು ಚಾರ್ಜ್. 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗೆ ಇದ್ದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಕಂಬಗಳ ನಡುವೆ 10.9. ಸಾಮಾನ್ಯವಾಗಿ 9.6ಕ್ಕಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿ ಸರಿ ಇದೆ ಅಂತಲೇ ಲೆಕ್ಕ. ನನ್ನದು ಅದಕ್ಕಿಂತ ಎಷ್ಟೋ ಮೇಲಿದೆ. ಆದರೂ ಎಂಜಿನ್ ತೆವಳುತ್ತಿದೆ. ಹಾಗಾದರೆ ಬ್ಯಾಟರಿ ಕೊಟ್ಟದ್ದು ಮೋಟಾರಿಗೆ ತಲುಪುತ್ತಿಲ್ಲ.

ಇಲ್ಲಿ ಸುಮಾರು ಜನ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಮೀಟರನ್ನು ಪ್ರತಿರೋಧ ಅಳೆಯುವ ಓಮ್ಸ್‌ಗೆ ತಿರುಗಿಸಿ ಕೇಬಲ್ಲಿನ ಎರಡೂ ತುದಿ ಮುಟ್ಟಿಸಿದೆ. "ಬೀಪ್" ಅಂತು. ಕೇಬಲ್ ಚೆನ್ನಾಗಿದೆ ಅಂತ ಖುಷಿಪಟ್ಟೆ. ಆ ಬೀಪ್‌ಗೆ ಯಾವ ಬೆಲೆಯೂ ಇಲ್ಲ. ಮೀಟರಿನ ವೈರುಗಳಲ್ಲೇ ಓಮಿನ ಹತ್ತನೇ ಒಂದೋ ಎರಡೋ ಪಾಲು ಇರುತ್ತದೆ. ಸೆಲ್ಫ್ ಕೇಬಲ್ಲನ್ನು ಕೆಡಿಸಲು ಓಮಿನ ನೂರನೇ ಒಂದು ಪಾಲು ಸಾಕು. ನೂರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ.

ನಿಜವಾದ ಪರೀಕ್ಷೆ ಬೇರೆ. ಕೇಬಲ್ಲಿನಲ್ಲಿ ಪೂರ್ತಿ ಕರೆಂಟ್ ಹರಿಯುತ್ತಿರುವಾಗಲೇ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಬೇಕು. ಒಳ್ಳೆಯ ಕೇಬಲ್ ಏನನ್ನೂ ತಿನ್ನುವುದಿಲ್ಲ. ಕೆಟ್ಟದ್ದು ತಿಂದದ್ದು ಮೀಟರಿನಲ್ಲಿ ಕಾಣುತ್ತದೆ. ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕಪ್ಪು ಮೊನೆಯನ್ನು ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನ ಮೇಲೆ ಇಟ್ಟೆ. "ಹೊಡಿ." 0.3 ವೋಲ್ಟ್. ಪ್ಲಸ್ ಕಡೆ 0.5ರವರೆಗೆ ನಡೆಯುತ್ತದೆ. ಆಮೇಲೆ ಒಂದು ಮೊನೆ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಗಮನಿಸಿ, ಕಂಬದ ಮೇಲೇ ಇಡಬೇಕು, ಕ್ಲಾಂಪಿನ ಮೇಲಲ್ಲ. ಇಲ್ಲದಿದ್ದರೆ ಆ ಜಾಯಿಂಟ್ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. "ಹೊಡಿ."

1.7 ವೋಲ್ಟ್.

ಇಲ್ಲಿ 0.2ಕ್ಕಿಂತ ಹೆಚ್ಚು ಇರಬಾರದು. ಅಂದರೆ 10.9ರಲ್ಲಿ 0.3 ಒಂದು ಕಡೆ, 1.7 ಇನ್ನೊಂದು ಕಡೆ ಹೋಗಿ, ಮೋಟಾರಿಗೆ ಸಿಗುತ್ತಿದ್ದದ್ದು 8.9. ಮೈನಸ್‌ನಿಂದ ಎಂಜಿನ್ನಿಗೆ ಹೋಗುವ ಅರ್ಥ್ ಕೇಬಲ್ಲೇ ಕಳ್ಳ, ಸಿಕ್ಕಿಬಿದ್ದ.

ಆಗ ತಲೆಗೆ ಹೊಳೆಯಿತು. ಮೊದಲ ದಿನ ಆ ಕಪ್ಪು ಕ್ಲಿಪ್ಪು ಕಚ್ಚಿದ್ದು ನನ್ನ ಬ್ಯಾಟರಿಯನ್ನಲ್ಲ, ಎಂಜಿನ್ನನ್ನು. ಪಕ್ಕದ ಮನೆಯ ಬ್ಯಾಟರಿಯ ಕರೆಂಟು ನನ್ನ ಕೆಟ್ಟ ಅರ್ಥ್ ಕೇಬಲ್ಲನ್ನು ಮುಟ್ಟದೆ, ಅಡ್ಡದಾರಿಯಲ್ಲಿ ವಾಪಸ್ ಹೋಗಿತ್ತು. ನಾವಿಬ್ಬರೂ ಅವರ ಬ್ಯಾಟರಿ ಗೆದ್ದಿತು ಅಂದುಕೊಂಡೆವು. ಗೆದ್ದದ್ದು ಅವರ ಕಪ್ಪು ಕೇಬಲ್ಲು.

ಖಾತ್ರಿ ಮಾಡಿಕೊಳ್ಳಲು ಫ್ಯೂಸ್ ವಾಪಸ್ ಹಾಕಿ, ಅವರ ಕಪ್ಪು ಕೇಬಲ್ ಒಂದನ್ನೇ ಇಸಿದುಕೊಂಡೆ. ಒಂದು ತುದಿ ನನ್ನದೇ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಕೊಂಡಿಗೆ. ಬೇರೆ ಕಾರಿಲ್ಲ, ಬೇರೆ ಬ್ಯಾಟರಿಯಿಲ್ಲ. ಎಂಜಿನ್ ಜೋರಾಗಿ ತಿರುಗಿ ಹಿಡಿದುಕೊಂಡಿತು. ನಿಮ್ಮ ಕಾರು ಚಳಿಯಲ್ಲಿ ನಿಧಾನವಾಗಿ ತಿರುಗುತ್ತಿದ್ದರೆ ಬ್ಯಾಟರಿ ಕೊಳ್ಳುವ ಮೊದಲು ಈ ಒಂದು ಪರೀಕ್ಷೆ ಮಾಡಿ. ಎರಡು ನಿಮಿಷದ ಕೆಲಸ.

ಸಂಜೆ ಹಳೆಯ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದೆ. ಮರುದಿನ ನೋಡಿದರೆ 12.6. ನನ್ನನ್ನೇ ಅಣಕಿಸಿದ ಹಾಗಿತ್ತು.

ಹಾಗಾದರೆ ಸೆಕೆಗಾಲದಲ್ಲಿ ಯಾಕೆ ತೊಂದರೆ ಇರಲಿಲ್ಲ? ಸೆಲ್ಫ್ ಮೋಟಾರ್ ಸುಮಾರು 150 ಆಂಪಿಯರ್ ಎಳೆಯುತ್ತಿತ್ತು ಅಂತಿಟ್ಟುಕೊಳ್ಳಿ. 1.7 ವೋಲ್ಟನ್ನು ಅದರಿಂದ ಭಾಗಿಸಿದರೆ 0.011 ಓಮ್. ಬಿಸಿ ಎಂಜಿನ್ ತಿರುಗಿಸಲು 90 ಆಂಪಿಯರ್ ಸಾಕಾದರೆ ಅದೇ ಕೇಬಲ್ಲು ತಿನ್ನುವುದು 1 ವೋಲ್ಟ್ ಮಾತ್ರ. ಬ್ಯಾಟರಿಯೂ ಆಗ ಬೆಚ್ಚಗೆ ಗಟ್ಟಿಮುಟ್ಟಾಗಿರುತ್ತದೆ, ಹಾಗಾಗಿ ಗೊತ್ತೇ ಆಗಲ್ಲ. ಹೊಸ ಬ್ಯಾಟರಿ ಆರು ದಿನ ಮರ್ಯಾದೆ ಉಳಿಸಿದ್ದೂ ಇದಕ್ಕೇ. ಸ್ವಲ್ಪ ಜಾಸ್ತಿ ತಳ್ಳುತ್ತಿತ್ತು, ಅಷ್ಟೇ.

ದಿನ 10 ಮತ್ತು 11: ಕೈ ಕೊಳೆಯಾದ ಭಾಗ

ಬ್ಯಾಟರಿಯ ಮೈನಸ್ಸಿನಿಂದ ಎರಡು ಕವಲು ಹೊರಡುತ್ತವೆ. ತೆಳುವಾದದ್ದು ಕಾರಿನ ಬಾಡಿಯ ಲೋಹಕ್ಕೆ. ದಪ್ಪದ್ದು ಗೇರ್‌ಬಾಕ್ಸ್ ಮೇಲೆ, ಬ್ಯಾಟರಿ ಕೂರುವ ತಟ್ಟೆಯ ಕೆಳಗೆ. ಹೆಡ್‌ಲೈಟ್ ಮಂಕಾಗದ ಗುಟ್ಟು ಇಲ್ಲೇ ಇತ್ತು. ದೀಪಗಳ ಅರ್ಥ್ ತೆಳು ಕವಲಿನಲ್ಲಿ, ಮೋಟಾರಿನ ಅರ್ಥ್ ದಪ್ಪ ಕವಲಿನಲ್ಲಿ. ಕೆಟ್ಟದ್ದು ದಪ್ಪದ್ದು. ಸೆಲ್ಫ್ ಹೊಡೆದ ಮೇಲೆ ಅದರ ತುದಿ ಮುಟ್ಟಿದರೆ ಬೆಚ್ಚಗಿತ್ತು. 1.7 ವೋಲ್ಟ್, 150 ಆಂಪಿಯರ್ ಅಂದರೆ ಅಲ್ಲಿ ಸುಮಾರು 250 ವಾಟ್ ಶಾಖವಾಗಿ ಹೋಗುತ್ತಿತ್ತು.

ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಉಲ್ಟಾ, ಮೈನಸ್ ಕೊನೆಗೆ. ಇದು ಶಾಸ್ತ್ರಕ್ಕೆ ಮಾಡುವುದಲ್ಲ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಬಾಡಿಗೆ ತಗುಲಿದರೆ, ಮೈನಸ್ ಇನ್ನೂ ಹಾಕಿದ್ದರೆ, ಸ್ಪ್ಯಾನರ್ ಅಲ್ಲೇ ಬೆಸುಗೆಯಾಗುತ್ತದೆ.

ತಟ್ಟೆ ತೆಗೆದೆ. ಬೋಲ್ಟು 13ರ ತಲೆಯದು, ತುಕ್ಕು ಹಿಡಿದು ಗೇರ್‌ಬಾಕ್ಸಿನ ಅಂಗವೇ ಆಗಿಬಿಟ್ಟಿತ್ತು. ತಾಳ್ಮೆಯಿಲ್ಲದೆ ಸ್ಪ್ಯಾನರ್ ಹಾಕಿ ಜಗ್ಗಿದೆ. ಬೋಲ್ಟಿನ ಮೂಲೆಗಳು ಸವೆದವು, ನನ್ನ ಗೆಣ್ಣಿನ ಚರ್ಮ ಹೋಯಿತು, ಬೋಲ್ಟು ಮಾತ್ರ ಅಲ್ಲೇ ಇತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟು, ಬೆಳಗ್ಗೆ ಆರು ಮೂಲೆಯ ಸಾಕೆಟ್ ಹಾಕಿ ಮೆಲ್ಲಗೆ ತಿರುಗಿಸಿದರೆ "ಕ್ರೀಕ್" ಅಂತ ಬಿಟ್ಟಿತು. ಎಣ್ಣೆಯನ್ನು ಮೊದಲೇ ಹಾಕಬಹುದಿತ್ತು, ಗೊತ್ತು.

ಹೊರಗಿನಿಂದ ಕೇಬಲ್ ಚೆನ್ನಾಗೇ ಕಾಣುತ್ತಿತ್ತು. ಲಗ್ಗಿನ (ಕೇಬಲ್ ತುದಿಯ ಲೋಹದ ಉಂಗುರ) ಹತ್ತಿರ ಪ್ಲಾಸ್ಟಿಕ್ ಸೀಳಿದರೆ ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ತಾಮ್ರದ ಲಗ್ಗು, ಮೇಲಿಂದ ತೊಟ್ಟಿಕ್ಕುವ ನೀರು. ಎಳೆಗಳ ನಡುವೆ ನೀರು ಸೇರಿದರೆ ತಾಮ್ರ ಹೀಗೇ ಆಗೋದು.

ಹೊಸದನ್ನು ನಾನೇ ಮಾಡಿದೆ. 35 ಚದರ ಮಿಲಿಮೀಟರ್ ದಪ್ಪದ ತಾಮ್ರದ ಕೇಬಲ್, ಎರಡೂ ತುದಿಗೆ ಲಗ್ಗು. ಮೊದಲ ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದೆ. ಜೋರಾಗಿ ಎಳೆದರೆ ಕೈಗೇ ಬಂತು. ಅಂಥ ಜಾಯಿಂಟ್ ಹಾಕಿದ್ದರೆ ಮುಂದಿನ ಚಳಿಗೆ ಇದೇ ಕಥೆ ಮತ್ತೆ ಬರೆಯುತ್ತಿದ್ದೆ. ಹೈಡ್ರಾಲಿಕ್ ಕ್ರಿಂಪರ್ ಎರವಲು ತಂದು ಒತ್ತಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಏರಿಸಿದೆ. ಗೇರ್‌ಬಾಕ್ಸಿನ ಮೇಲೆ ಲಗ್ಗು ಕೂರುವ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಹೊಸ ಬೋಲ್ಟು ಬಿಗಿ ಮಾಡಿದೆ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದ್ದು ಆಮೇಲೆ, ಹೊರಗಡೆಗೆ. ನೀರು ತಡೆಯೋದಷ್ಟೇ ಅದರ ಕೆಲಸ.

ಮತ್ತೆ ಅಳತೆ. ಅರ್ಥ್ ಕಡೆ 1.7 ಇದ್ದದ್ದು 0.1ಕ್ಕೆ ಇಳಿಯಿತು. ಒಂದು ತಮಾಷೆ ನೋಡಿ: ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬದ ವೋಲ್ಟೇಜು 10.9ರಿಂದ 10.3ಕ್ಕೆ ಇಳಿದಿತ್ತು. ಮಗಳು ಗಾಬರಿಯಾದಳು, "ಅಪ್ಪಾ, ಕೆಟ್ಟಿತಾ?" ಇಲ್ಲ. ಈಗ ಮೋಟಾರ್ ಹೊಟ್ಟೆ ತುಂಬ ಕರೆಂಟ್ ಎಳೆಯುತ್ತಿದೆ, ಅದಕ್ಕೇ ಬ್ಯಾಟರಿ ಹೆಚ್ಚು ಬಾಗುತ್ತಿದೆ. ಮೋಟಾರಿಗೆ ತಲುಪುವುದು 8.9ರಿಂದ 9.9 ಆಗಿದೆ.

ದಿನ 13, 0 ಡಿಗ್ರಿ

ಗಾಜಿನ ಮೇಲೆ ಮಂಜು ಕಟ್ಟಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಕೀ ತಿರುಗಿಸಿದೆ. ಎಂಜಿನ್ ಗರಗರ ತಿರುಗಿತು. ಏನು ಜೋರು! ಆದರೆ ಹಿಡಿಯಲಿಲ್ಲ.

ಐದೈದು ಸೆಕೆಂಡು, ನಡುವೆ ಒಂದು ನಿಮಿಷ ಬಿಟ್ಟು, ನಾಲ್ಕು ಸಲ. ಐದನೇ ಸಲ ಕೆಮ್ಮಿ, ಉಗುಳಿ, ಎರಡು ಸಿಲಿಂಡರಿನಲ್ಲಿ ಓಡಿದ ಹಾಗೆ ಓಡಿ, ಕೊನೆಗೆ ಸರಿಹೋಯಿತು. ಬಿಸಿಯಾದ ಮೇಲೆ ಏನೂ ಆಗಿಲ್ಲವೆಂಬಂತೆ ನಡೆಯಿತು.

ಬೇಜಾರಾಯಿತು. ಆಮೇಲೆ ಅರ್ಥವಾಯಿತು, ಈ ಎರಡನೇ ಕಾಯಿಲೆ ಮೊದಲಿಂದಲೂ ಇತ್ತು. ಮೊದಲನೆಯದು ಅದನ್ನು ಮುಚ್ಚಿಟ್ಟಿತ್ತು. ಜಂಪ್ ಕೊಟ್ಟ ದಿನ ಒಂದೇ ಏಟಿಗೆ ಹಿಡಿದದ್ದು ಯಾಕೆಂದರೆ ಅಷ್ಟರಲ್ಲಿ ನಾಲ್ಕೈದು ಸಲ ಸೆಲ್ಫ್ ಹೊಡೆದು ಪೆಟ್ರೋಲ್ ಒಳಗೆ ಸೇರಿತ್ತು.

ಮರುದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹುಡುಕಲು ಶುರು. ಈ ಕೆಲಸ ಮಧ್ಯಾಹ್ನ ಮಾಡಿದರೆ ಪ್ರಯೋಜನವಿಲ್ಲ, ಕಳ್ಳ ಬೆಳಗ್ಗೆ ಮಾತ್ರ ಬರುತ್ತಾನೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಪಂಪು ಎರಡು ಸೆಕೆಂಡು "ಗುಂಯ್" ಅಂತು, ಸರಿ. ಕಿಡಿ ನೋಡುವ ಟೆಸ್ಟರ್ ಹಾಕಿದೆ, ನೀಲಿ ಕಿಡಿ, ಸರಿ. ಪೆಡಲ್ ಮುಟ್ಟದೆ ಸೆಲ್ಫ್ ಹೊಡೆದು ಪ್ಲಗ್ ಬಿಚ್ಚಿದರೆ ನಾಲ್ಕೂ ಒಣಗಿದ್ದವು. ಇಷ್ಟು ತಿರುಗಿಸಿದ ಮೇಲೆ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ನಾತ ಬಂದರೆ ಎಂಜಿನ್ ಫ್ಲಡ್ ಆಗಿದೆ ಅಂತ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಪೆಟ್ರೋಲ್ ನಿಂತು, ಬರಿ ಗಾಳಿ ಒಳಗೆ ಹೋಗಿ ಒಣಗುತ್ತದೆ. ನನ್ನದು ಅದರ ಉಲ್ಟಾ. ಪೆಟ್ರೋಲ್ ಸಾಲುತ್ತಿಲ್ಲ.

ಚಳಿಯಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ. ಅದಕ್ಕೇ ಹಳೆಯ ಕಾರುಗಳಲ್ಲಿ ಚೋಕ್ ಎಳೆಯುತ್ತಿದ್ದದ್ದು. ಈಗ ಆ ಕೆಲಸ ಈಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಮಾಡುತ್ತದೆ. ಎಂಜಿನ್ ಎಷ್ಟು ತಣ್ಣಗಿದೆ ಅಂತ ಕೂಲೆಂಟ್ ಸೆನ್ಸರ್ ಹೇಳುತ್ತದೆ, ಅದನ್ನು ನಂಬಿ ಈಸಿಯು ಜಾಸ್ತಿ ಪೆಟ್ರೋಲ್ ಚಿಮ್ಮಿಸುತ್ತದೆ. ಈಸಿಯುವಿಗೆ ಕಾಣುವ ಅಂಕಿಗಳನ್ನು ತೋರಿಸುವ ಓಬಿಡಿ ರೀಡರ್ ಚುಚ್ಚಿ ಮೊಬೈಲಿನಲ್ಲಿ ನೋಡಿದೆ. ಒಳಬರುವ ಗಾಳಿಯ ತಾಪ 1 ಡಿಗ್ರಿ. ಕೂಲೆಂಟ್ ತಾಪ 30 ಡಿಗ್ರಿ.

ರಾತ್ರಿಯಿಡೀ ಹೊರಗೆ ನಿಂತ ಕಾರಿನಲ್ಲಿ ಈ ಎರಡು ಅಂಕಿಗಳು ಹೆಚ್ಚುಕಡಿಮೆ ಒಂದೇ ಇರಬೇಕು. ನನ್ನ ಈಸಿಯು ಹಿತವಾದ ಬೇಸಿಗೆಯಲ್ಲಿ ಬದುಕುತ್ತಿತ್ತು.

ಈ ಸೆನ್ಸರ್ ತಣ್ಣಗಾದಷ್ಟೂ ಪ್ರತಿರೋಧ ಹೆಚ್ಚಿಸಿಕೊಳ್ಳುತ್ತದೆ. ನನ್ನ ಕಾರಿನದು 0 ಡಿಗ್ರಿಯಲ್ಲಿ 5.9 ಕಿಲೋ ಓಮ್, 20ರಲ್ಲಿ 2.5, 80ರಲ್ಲಿ 0.32 ಇರಬೇಕು. ಡಬ್ಬದಲ್ಲಿ ಒಂದು 5.6 ಕಿಲೋ ಓಮ್ ರೆಸಿಸ್ಟರ್ ಬಿದ್ದಿತ್ತು. ಸೆನ್ಸರಿನ ಕನೆಕ್ಟರ್ ಕಿತ್ತು, ಅದರ ಎರಡು ಪಿನ್ನುಗಳಿಗೆ ಈ ರೆಸಿಸ್ಟರ್ ಸಿಕ್ಕಿಸಿದೆ. ರೀಡರಿನಲ್ಲಿ ಕೂಲೆಂಟ್ 1 ಡಿಗ್ರಿ ಅಂತ ಬಂತು. ಈಸಿಯುವಿಗೆ ಈಗ ಚಳಿಯಾಯಿತು. ಸೆಲ್ಫ್ ಹೊಡೆದೆ. ಒಂದು ಸೆಕೆಂಡು, ಅಷ್ಟೇ, ಹಿಡಿದುಕೊಂಡಿತು. ಒಂದೇ ನಿಮಿಷದಲ್ಲಿ ಆಫ್ ಮಾಡಿದೆ. ಹಾಗೇ ಓಡಿಸಿದರೆ ಎಂಜಿನ್ ಬಿಸಿಯಾದರೂ ಈಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಫ್ಯಾನ್ ಹಾಕಬೇಕಾದಾಗಲೂ ಗೊತ್ತಾಗುವುದಿಲ್ಲ.

ಇಂಥ ಸುಳ್ಳು ಹೇಳಿದರೂ ಚೆಕ್ ಎಂಜಿನ್ ದೀಪ ಯಾಕೆ ಹತ್ತಲಿಲ್ಲ? ಇದು ತಿಳಿಯಬೇಕಿತ್ತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೆನ್ಸರ್ ಬಿಚ್ಚಿ, ಮಂಜುಗಡ್ಡೆ ಹಾಕಿದ ನೀರಿನಲ್ಲಿ ಅದರ ಮೂತಿ ಅದ್ದಿದೆ. 5.9 ಬರಬೇಕಾದಲ್ಲಿ 1.7 ಕಿಲೋ ಓಮ್. ಥರ್ಮಾಮೀಟರ್ ಇಟ್ಟು ನೀರನ್ನು 80 ಡಿಗ್ರಿಗೆ ಕಾಯಿಸಿ ಅದ್ದಿದೆ. 0.32 ಬರಬೇಕಾದಲ್ಲಿ 0.285. ಬಿಸಿಯಲ್ಲಿ ಹೆಚ್ಚುಕಡಿಮೆ ಸರಿ, ಚಳಿಯಲ್ಲಿ ಪೂರ್ತಿ ಸುಳ್ಳು!

ಕಾಗದದ ಮೇಲೆ ಲೆಕ್ಕ ಹಾಕಿದರೆ ತಾಳೆಯಾಯಿತು. ಸೆನ್ಸರಿನೊಳಗೆ ಸುಮಾರು 2.4 ಕಿಲೋ ಓಮಿನ ಸೋರಿಕೆ ಪಕ್ಕದಲ್ಲೇ ಒಂದು ದಾರಿ ಮಾಡಿಕೊಂಡಿದೆ. ತಣ್ಣಗಿದ್ದಾಗ ಕರೆಂಟಿಗೆ ಈ ಕಳ್ಳದಾರಿಯೇ ಸುಲಭ. ಬಿಸಿಯಾದಾಗ ಸೆನ್ಸರಿನ ಸ್ವಂತ ದಾರಿಯೇ ಎಷ್ಟೋ ಅಗಲ, ಕಳ್ಳದಾರಿ ಲೆಕ್ಕಕ್ಕೇ ಬರಲ್ಲ. ವೈರು ತುಂಡಾದರೆ ಅಥವಾ ಶಾರ್ಟ್ ಆದರೆ ಈಸಿಯು ತಕ್ಷಣ ಕೂಗುತ್ತದೆ. ಆದರೆ 30 ಡಿಗ್ರಿ ಅನ್ನೋದು ನಂಬಬಹುದಾದ ಅಂಕಿ. ಅದು ನಂಬಿತು.

ಹೊಸ ಸೆನ್ಸರ್ ಹಾಕಿದ್ದು ಹತ್ತು ನಿಮಿಷದ ಕೆಲಸ. ಚೆಲ್ಲಿದ ಕೂಲೆಂಟ್ ತುಂಬಿದೆ, ಒಳಗಿನ ಗಾಳಿ ತೆಗೆದೆ.

ದಿನ 21, ಮೈನಸ್ 1

ಗಾಳಿ ಮೈನಸ್ 1, ಕೂಲೆಂಟ್ 0 ಅಂತ ರೀಡರ್ ತೋರಿಸಿತು. ಎರಡನೇ ಸುತ್ತಿಗೆ ಹಿಡಿಯಿತು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ, "ಹೇಳಿದ್ನಲ್ಲ ಸಾರ್, ಹೊಸ ಬ್ಯಾಟ್ರಿ ಹಾಕಿದ್ಮೇಲೆ ನೋಡಿ ಹೇಗಿದೆ" ಅಂದರು. ಅವರ ಕಪ್ಪು ಕೇಬಲ್ ಇನ್ನೂ ನನ್ನ ಹತ್ತಿರವೇ ಇದೆ, ಹಾಗಾಗಿ ಸುಮ್ನೆ ತಲೆಯಾಡಿಸಿದೆ.

ಬಾಕಿ ಕೆಲಸ ಎರಡು. ಎಂಜಿನ್ನಿನಲ್ಲಿ ಈಗ 15ಡಬ್ಲ್ಯು-40 ಆಯಿಲ್ ಇದೆ, ಕಾರಿನ ಪುಸ್ತಕ 5ಡಬ್ಲ್ಯು-30 ಅನ್ನುತ್ತದೆ. ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ತೆಳುವಾಗಿರುತ್ತದೆ, ಮುಂದಿನ ಸಲ ಬದಲಾಯಿಸಬೇಕು. ಇನ್ನೊಂದು, ಪ್ಲಸ್ ಕಡೆಯ ಆ 0.3 ವೋಲ್ಟ್. ಮಿತಿಯೊಳಗೇ ಇದೆ. ಆದರೂ ಸೆಲ್ಫ್ ಮೋಟಾರಿನ ಬೋಲ್ಟ್ ಬಿಚ್ಚಿ ಒಮ್ಮೆ ನೋಡುವ ತನಕ ನನಗೆ ಸಮಾಧಾನವಿಲ್ಲ. ಚಳಿ ಸ್ವಲ್ಪ ಕಡಿಮೆಯಾಗಲಿ, ಗೆಣ್ಣಿನ ಗಾಯ ಮಾಯಲಿ.